ನಾನು ಕೊಟ್ಟ ಆರು ನಂಬರುಗಳು

ನನ್ನ ಸೊಸೆ ಪುಣೆಯ ಒಂದು ಪ್ರಯೋಗಾಲಯದಲ್ಲಿ ಕ್ಯಾನ್ಸರಿನ ಜೀವಕೋಶಗಳನ್ನು ಬೆಳೆಸುತ್ತಾಳೆ. ಒಂದು ಔಷಧ ಹಾಕಿದರೆ ಆ ಕೋಶಗಳ ಒಂದು ಜೀನಿನ ಚಟುವಟಿಕೆ ತಗ್ಗುತ್ತದೆ ಎಂದು ಅವಳ ಮಾರ್ಗದರ್ಶಕರು ಹಿಂದೆಯೇ ತೋರಿಸಿದ್ದರು. ಅದೇ ಪ್ರಯೋಗವನ್ನು ಮತ್ತೆ ಮಾಡಿ ಅದೇ ಉತ್ತರ ಬರುತ್ತದೋ ನೋಡುವುದು ಇವಳ ಪಾಲಿಗೆ ಬಂದಿತ್ತು. ಬಂದರೆ ಮಾತ್ರ ಅವಳ ಪಿಎಚ್‌ಡಿ ಮುಂದೆ ಸಾಗುತ್ತಿತ್ತು.

ಜೀನುಗಳನ್ನು ಓದುವ ಯಂತ್ರದಿಂದ ಆರು ಫೈಲು ಬಂದವು. ಮೂರು ಔಷಧ ಹಾಕಿದವು, ಮೂರು ಹಾಕದವು. ಬೆಳಿಗ್ಗೆ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟಳು.

"ಅತ್ತ್ಯಾರ, ಇವುಗಳ ಹೆಸರು ತಗದು ನಿಮಗ ತಿಳಿದ ನಂಬರ್ ಕೊಡ್ರಿ. ಯಾವುದು ಯಾವುದಂತ ಗೊತ್ತಿದ್ರ ನನ್ನ ಕಣ್ಣು ತಮಗ ಬೇಕಾದ್ದನ್ನ ನೋಡತಾವ."

"ಸಾರಿಗೆ ಎರಡು ಸಲ ಉಪ್ಪು ಹಾಕಾಕಿಗೆ ಈ ಕೆಲಸೇನು?" ಪೇಪರಿನ ಹಿಂದಿನಿಂದ ನಮ್ಮವರು ನನ್ನನ್ನು ಕೆಣಕಿದರು.

"ಮಾವಾರ, ಗುಟ್ಟು ನಿಮ್ಮ ಹೊಟ್ಟ್ಯಾಗ ಉಳಿಯೂದಿಲ್ಲ," ಎಂದು ನಗುತ್ತ ಸ್ನಾನಕ್ಕೆ ಹೋದಳು.

ಒಂದೇ ಬೆರಳಿನಿಂದ ಕೀಲಿ ಒತ್ತುತ್ತ ಫೈಲುಗಳಿಗೆ ನಂಬರು ಕೊಟ್ಟು, ಕಾನ್ವೆಂಟಿನ ಸಿಸ್ಟರುಗಳು ತಿದ್ದಿಸಿದ ಅಕ್ಷರದಲ್ಲಿ ಹಳೆ ಹೆಸರು, ಹೊಸ ನಂಬರು ಚೀಟಿಗೆ ಇಳಿಸಿದೆ. ನಾಲ್ಕನೆಯದಕ್ಕೆ ಬಂದಾಗ ಬಾಗಿಲಲ್ಲಿ ಕಸದವಳು, "ತಾಈ, ಕಚರಾ!" ಎಂದಳು. ಬುಟ್ಟಿ ಕೊಟ್ಟು, ಕೈ ತೊಳೆದು ಬಂದು ಉಳಿದದ್ದು ಮುಗಿಸಿ, ಚೀಟಿಯನ್ನು ಮೆಂತ್ಯದ ಡಬ್ಬಿಯಲ್ಲಿಟ್ಟೆ.

ಹತ್ತು ದಿನದ ಮೇಲೆ ಅವಳು ಕುಣಿಯುತ್ತ ಬಂದಳು. ಸರಿಯಾಗಿ ಮೂರು ಫೈಲುಗಳಲ್ಲಿ ಜೀನು ತಗ್ಗಿತ್ತು! ಚೀಟಿ ಕೊಟ್ಟೆ. ಅವಳು ಅದನ್ನು ಎರಡು ಸಲ ಓದಿದಳು.

"ಮೂರರಾಗ ಔಷಧ ಹಾಕಿದ್ದು ಎರಡ ಅದಾವ. ಇನ್ನೊಂದು ಹಾಕಲಾರದ್ದು. ಹಿಂಗಾದ್ರ ಇದು ಔಷಧದ್ದ ಕೆಲಸ ಅಂತ ಹೇಳಾಕ ಬರೂದಿಲ್ರಿ."

ಕಸದ ಬುಟ್ಟಿ ನೆನಪಾಯಿತು. ನಾಲ್ಕು, ಐದು ಅದಲುಬದಲಾಗಿದ್ದರೆ? ಹೇಳಿಬಿಟ್ಟೆ.

ಅವಳು ಬೈಯಲಿಲ್ಲ. "ಅಸಲು ಫೈಲು ಲ್ಯಾಬಿನಾಗ ಅದಾವ. ನಾಳೆ ಚೀಟಿ ಜೋಡಿ ಕೂಡಿಸಿ ನೋಡತೀನಿ," ಎಂದಳು. ಅವಳ ದನಿಯಲ್ಲಿ ಆಸೆ ಇತ್ತು. ಮರುದಿನವೆಲ್ಲ ದೇವರ ಮುಂದೆ ನಾನೂ ಅದನ್ನೇ ಬೇಡಿಕೊಂಡೆ: ತಪ್ಪು ನನ್ನದೇ ಆಗಿರಲಿ. ಅನ್ನ ಸೀದದ್ದು ವಾಸನೆ ಬಂದ ಮೇಲೆಯೇ ತಿಳಿಯಿತು.

ಸಂಜೆ ಚಪ್ಪಲಿ ಬಿಡುತ್ತಲೇ ಅಂದಳು, "ನಿಮ್ಮ ಚೀಟಿ ಸರಿ ಅದರಿ."

ನನ್ನ ಮೇಲಿನ ಭಾರ ಇಳಿದು ಅವಳ ಮೇಲೆ ಕೂತಿತು. "ನಿಮ್ಮ ಸರ್ ಬೈತಾರೇನು?"

"ಬೈದ್ರ ಚಲೋ. ಏನೂ ಮಾತಾಡಲಾರದ ಕೂತ್ರಂದ್ರ ಹ್ಯಾಂಗ ಅಂತ ಅಂಜಿಕಿ." ಚೀಟಿಯನ್ನು ಮುಂದೆ ಸರಿಸಿದಳು. "ಸಹಿ ಹಾಕ್ರಿ. ನೀವ ಬರದದ್ದು ಅಂತ ತೋರಸಬೇಕು."

"ನಡುವ ಎದ್ದು ಹೋಗಿದ್ನಿ ಅಂತ ಬರೀಲೇನು?"

ಹಾಗೆ ಬರೆದರೆ ಸಂಶಯ ನನ್ನ ಮೇಲೆ ಬೀಳುತ್ತದೆ, ಅವಳು ಪಾರಾಗುತ್ತಾಳೆ ಎಂದುಕೊಂಡೆ. ಅವಳು ಪೆನ್ನನ್ನು ನನ್ನ ಕೈಗಿಟ್ಟಳು.

"ಬರೀರಿ. ಆದ್ರ ಕೂಡಿಸಿ ನೋಡಿದಾಗ ಸರಿ ಬಂತು ಅಂತ ಅದರ ಕೆಳಗ ನಾ ಬರೀತೀನಿ."

ಇಬ್ಬರೂ ಬರೆದೆವು. ನನ್ನ ಸಾಲು ಎಷ್ಟು ಸೊಟ್ಟಾಗಿತ್ತೆಂದರೆ, ಸಿಸ್ಟರುಗಳು ನೋಡಿದ್ದರೆ ಆ ಅಕ್ಷರ ನನ್ನದೆಂದು ಒಪ್ಪುತ್ತಿರಲಿಲ್ಲ.