ಕಡ್ಡಿಯ ಶ್ರುತಿಗೆ ಇಡೀ ಕ್ಲಾಸು

ಟಿಣ್ ಮಾಮನ ಬಾಯಲ್ಲಿ ‘ಇಲ್ಲ’ ಅನ್ನುವ ಮಾತು ಬರುವುದೇ ಇಲ್ಲ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ. ವಾರವಿಡೀ ಅವರು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಗಿರಾಕಿ ಯಾವ ಫ್ರೇಮ್ ಹಾಕಿಕೊಂಡು ಕನ್ನಡಿಯ ಮುಂದೆ ನಿಂತರೂ ಇವರದು ಒಂದೇ ರಾಗ: “ಆಹಾ, ನಿಮಗೇ ಅಂತ ಮಾಡಿಸಿದ ಹಾಗಿದೆ!” ಆ ಮಾತು ನಂಬಿ ಮನೆಗೆ ಹೋದವರಲ್ಲಿ ಅರ್ಧ ಜನ ಮಾರನೆಯ ದಿನವೇ ಮುಖ ಊದಿಸಿಕೊಂಡು ಬದಲಾಯಿಸಿಕೊಳ್ಳಲು ಬರುತ್ತಾರೆ. ಅಂಗಡಿಯ ಯಜಮಾನರು ಹಣೆ ಚಚ್ಚಿಕೊಂಡರೂ ಇವರನ್ನು ಕೆಲಸದಿಂದ ಬಿಡಿಸಿಲ್ಲ. ಮೂಗಿನ ಮೇಲೆ ಜಾರುವ ಕನ್ನಡಕವನ್ನು ಒಂದೇ ಸಲಕ್ಕೆ ನೆಟ್ಟಗೆ ಕೂರಿಸುವ ಕೈ ಬೇರೆ ಯಾರಿಗೂ ಇಲ್ಲ.

ಅವರ ಹೆಂಡತಿ ಇದಕ್ಕೆ ತದ್ವಿರುದ್ಧ. ಆಕೆ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಸೂಜಿ ಹಿಡಿಯುವವರು. ‘ನೋಯುತ್ತಾ?’ ಎಂದು ಕೇಳಿದವರಿಗೆ ‘ನೋಯುತ್ತೆ, ಕೈ ಚಾಚಿ’ ಅನ್ನುವ ಜನ. ಅಷ್ಟು ಹೇಳುವುದರೊಳಗೆ ಚುಚ್ಚಿಯೂ ಆಗಿರುತ್ತದೆ. “ರೀ, ನೀವು ನನ್ನ ಕೆಲಸಕ್ಕೆ ಬಂದಿದ್ರೆ ಒಂದು ತೊಟ್ಟು ರಕ್ತಾನೂ ಸಿಗ್ತಿರ್ಲಿಲ್ಲ. ನೋಯಲ್ಲ ನೋಯಲ್ಲ ಅಂತ ಸಂಜೆವರೆಗೂ ಸಮಾಧಾನ ಮಾಡ್ತಾ ಕೂತಿರ್ತಿದ್ರಿ,” ಎಂದು ಛೇಡಿಸುತ್ತಾರೆ. ಮಾಮ ನಗುತ್ತಾ ತಲೆಯಾಡಿಸುತ್ತಾರೆ. ಅದಕ್ಕೂ ‘ಇಲ್ಲ’ ಅನ್ನುವುದಿಲ್ಲ ನೋಡಿ.

ಶನಿವಾರ ಬೆಳಿಗ್ಗೆ ಮಾತ್ರ ಅವರು ಬೇರೆಯೇ ಮನುಷ್ಯ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯೊಂದರ ಮಹಡಿಯ ಮೇಲೆ ಉದ್ದನೆಯ ಕೋಣೆಯಿದೆ. ಕೆಳಗಿನ ಇಸ್ತ್ರಿಯ ಹಬೆಯಿಂದ ಆ ಕೋಣೆಯ ನೆಲ ಸದಾ ಬೆಚ್ಚಗೆ. ಅಲ್ಲಿ ಐದಾರು ವರ್ಷದ ಮಕ್ಕಳನ್ನು ಚಾಪೆಯ ಮೇಲೆ ಅರ್ಧ ವೃತ್ತದಲ್ಲಿ ಕೂರಿಸಿಕೊಂಡು ಮಾಮ ಯುಕುಲೆಲೆ ಕಲಿಸುತ್ತಾರೆ. ನಾಲ್ಕೇ ತಂತಿ, ಗಿಟಾರಿನ ಮರಿಯ ಹಾಗೆ ಮಗುವಿನ ತೋಳಲ್ಲಿ ಹಿಡಿಸುವಷ್ಟೇ ದೊಡ್ಡ ವಾದ್ಯ. ಉಂಗುರದ ಬೆರಳನ್ನು ಕೊನೆಯ ತಂತಿಯ ಮೂರನೇ ಮನೆಯಲ್ಲಿ, ಕೆಂಪು ಚುಕ್ಕೆ ಅಂಟಿಸಿದ ಕಡೆ ಇಡಬೇಕು. ಇಟ್ಟು ಮೀಟಿದರೆ ಹಾಡಿನ ಮೊದಲ ಸ್ವರಮೇಳ ಬಂದುಬಿಡುತ್ತದೆ. ಬೆರಳು ಒತ್ತಿ ನೋವಾದವರಿಗೆ ಮಾಮ ಬೆರಳ ತುದಿಗೆ ಉಫ್ ಎಂದು ಊದುತ್ತಾರೆ. ಗಲಾಟೆ ಮಿತಿಮೀರಿದರೆ “ಮಲಗ್ಸಿ!” ಅನ್ನುತ್ತಾರೆ. ಆಗ ಎಲ್ಲರೂ ವಾದ್ಯವನ್ನು ಮಡಿಲಲ್ಲಿ ಮಲಗಿಸಿ ಎರಡೂ ಕೈಯನ್ನು ತಲೆಯ ಮೇಲೆ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಎಂಟು ಮಕ್ಕಳು ಸೇರಿ ಆ ಕಟ್ಟಡವನ್ನೇ ಎತ್ತಿಕೊಂಡು ಹೋಗಿಬಿಟ್ಟಾರು.

ಪಾಠ ಶುರುವಾಗುವ ಮುಂಚೆ ಮಾಮ ಪ್ರತಿಯೊಂದು ಮಗುವಿನ ಮುಂದೆಯೂ ಮಂಡಿಯೂರಿ, ತಂತಿ ಮೀಟಿ, ಬಾಯಲ್ಲೂ ‘ಟಿಣ್’ ಅಂದು, ತಂತಿ ಬಿಗಿಮಾಡುವ ಬಿರಡೆ ತಿರುಗಿಸಿ ಶ್ರುತಿ ಕೂಡಿಸುತ್ತಾರೆ. ಹೆಸರು ಬಂದದ್ದು ಅಲ್ಲಿಂದಲೇ. ಬಿರಡೆಗಳಿಗೆ ಮಕ್ಕಳು ಇಟ್ಟ ಹೆಸರು ಕಿವಿ. “ಮಾಮ, ನಂದರ ಕಿವಿ ಹಿಂಡಿ! ನಂದು ಮೊದ್ಲು!” ಎಂದು ಎಲ್ಲರೂ ಮುಂದೆ ಚಾಚುತ್ತಾರೆ.

ಒಬ್ಬಳು ಮಾತ್ರ ಚಾಚಲಿಲ್ಲ. ಮೊದಲ ದಿನವೇ ತನ್ನ ವಾದ್ಯವನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒತ್ತಿ ಕೂತಳು. ಬೇರೆಯವರದು ಹೊಸದು, ಬಣ್ಣಬಣ್ಣದ್ದು. ಇವಳದು ಹಳೆಯದು, ಅಂಚು ಸವೆದು ಮರದ ಬಣ್ಣ ಕಾಣುತ್ತಿತ್ತು.

“ನಿನ್ನ ಹೆಸರೇನು ಪುಟ್ಟಾ?”

“ಕಡ್ಡಿ. ಅಜ್ಜ ಇಟ್ಟಿದ್ದು.”

ಹೆಸರಿಗೆ ತಕ್ಕ ಹಾಗೆಯೇ ಇದ್ದಳು, ಊದಿದರೆ ಹಾರಿಹೋಗುವ ಹುಡುಗಿ. ಮಾಮ ಬಿರಡೆಯ ಕಡೆ ಕೈ ನೀಡಿದರು. ಅವಳು ಕೈಯನ್ನು ತಳ್ಳಿಬಿಟ್ಟಳು. “ಮುಟ್ಬೇಡಿ. ಅಜ್ಜ ಕೂಡಿಸಿ ಇಟ್ಟಿದ್ದಾರೆ.”

ಮೆಟ್ಟಿಲ ಹತ್ತಿರ ಅವಳ ಅಮ್ಮ ದನಿ ತಗ್ಗಿಸಿ ಹೇಳಿದ್ದಿಷ್ಟು. ವಾದ್ಯ ಅಜ್ಜನದು. ಆಸ್ಪತ್ರೆಗೆ ಹೊರಡುವ ಮುಂಚೆ ಶ್ರುತಿ ಮಾಡಿ, ಬಂದಮೇಲೆ ಕಲಿಸುತ್ತೇನೆ ಎಂದು ಹೇಳಿ ಹೋದವರು ಬರಲೇ ಇಲ್ಲ. “ಇವಳು ಅತ್ತೇ ಇಲ್ಲ ಸರ್. ಅದೇ ನಮಗೆ ಭಯ. ಮೊದ್ಲು ದಿನವೆಲ್ಲಾ ಹಾಡ್ತಾ ಇರೋಳು, ಈಗ ಬಾಯೇ ಬಿಡಲ್ಲ. ಇಲ್ಲಾದ್ರೂ ನಾಲ್ಕು ಮಕ್ಕಳ ಜೊತೆ ಹಾಡಿದ್ರೆ ಸಾಕು ನಮಗೆ.”

“ನೀವೇನೂ ಯೋಚ್ನೆ ಮಾಡ್ಬೇಡಿ. ಹಾಡಿಸೋ ಜವಾಬ್ದಾರಿ ನಂದು,” ಎಂದುಬಿಟ್ಟರು ಮಾಮ. ಮಾತು ಕೊಡುವುದರಲ್ಲಿ ಅವರದು ಎತ್ತಿದ ಕೈ.

ಕೊಟ್ಟ ಮಾತು ಉಳಿಸಿಕೊಳ್ಳಲು ದಾರಿಯೇನು? ಕಡ್ಡಿಯ ವಾದ್ಯವನ್ನು ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಅವಳು ಎದ್ದು ಹೋಗುತ್ತಾಳೆ. ಆಗಲೇ ತುಸು ಇಳಿದಿದ್ದ ಅದನ್ನು ಹಾಗೇ ಬಿಟ್ಟರೆ ಅವಳದೊಂದು ಶ್ರುತಿ, ಉಳಿದವರದೊಂದು. ಮಕ್ಕಳು ಬಿಡುತ್ತಾರೆಯೇ, ‘ನಿಂದು ಸರಿ ಇಲ್ಲ’ ಎಂದು ಬೆರಳು ತೋರಿಸುತ್ತಾರೆ. ಆಗ ಮಾಮನಿಗೆ ಹೊಳೆದ ಉಪಾಯ ಕೇಳಿ. ಶ್ರುತಿ ನೋಡುವ ಪುಟ್ಟ ಯಂತ್ರವನ್ನು ಜೇಬಿಗೆ ಸೇರಿಸಿ, ಕಡ್ಡಿಯ ಪಕ್ಕ ಕೂತು, “ನೀನು ಒಂದೊಂದೇ ತಂತಿ ಮೀಟು, ನಾವೆಲ್ಲಾ ಅಜ್ಜನ ಶ್ರುತಿಗೆ ಸೇರ್ಕೋತೀವಿ,” ಅಂದರು. ಅವಳು ಗಂಭೀರವಾಗಿ ಮೀಟಿದಳು. ಮಾಮ ಉಳಿದ ಏಳು ವಾದ್ಯಗಳ ಕಿವಿ ಹಿಂಡಿ ಅವಳದಕ್ಕೆ ಸರಿಹೊಂದಿಸಿದರು.

ಕಡ್ಡಿ ಕೆಲವೇ ವಾರದಲ್ಲಿ ಹಾಡಿದಳು. ಸಣ್ಣ ದನಿ, ಆದರೆ ನೂಲಿನಷ್ಟು ನೇರ. ಬಾಗಿಲ ಸಂದಿಯಲ್ಲಿ ನಿಂತಿದ್ದ ಅಮ್ಮ ಬಾಯಿಗೆ ಸೆರಗು ಅದುಮಿಕೊಂಡರು. ಅಂದಿನಿಂದ ಮಾಮನಿಗೆ ಆ ಬಿರಡೆಗಳನ್ನು ಕಂಡರೇ ಭಯ, ಮುಟ್ಟಿದರೆ ಎಲ್ಲಿ ಹಾಡು ನಿಂತುಹೋಗುತ್ತದೋ ಎಂದು.

ತಂತಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? ಯಾರೂ ಮುಟ್ಟದಿದ್ದರೂ ಅದು ತನ್ನ ಪಾಡಿಗೆ ಸಡಿಲವಾಗುತ್ತದೆ. ವಾರವಾರವೂ ಅಜ್ಜನ ಶ್ರುತಿ ಕೂದಲೆಳೆಯಷ್ಟು ಇಳಿಯಿತು. ವಾರವಾರವೂ ಮಾಮ ಉಳಿದ ಏಳನ್ನೂ ಅಷ್ಟೇ ಇಳಿಸಿದರು. ಎರಡನೇ ತಂತಿ ಉಳಿದವುಗಳಿಗಿಂತ ತುಸು ಹೆಚ್ಚು ಜಾರಿತ್ತು. ಅದನ್ನೂ ಚಾಚೂ ತಪ್ಪದೆ ಏಳಕ್ಕೂ ಜಾರಿಸಿದರು. ಮೀಟಿದಾಗಲೆಲ್ಲ ಊಟದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತಿತ್ತು. ಆದರೂ “ಭೇಷ್!” ಎನ್ನುತ್ತಿದ್ದರು. ಮಕ್ಕಳ ಕಿವಿಗೆ ಅದೇ ಸರಿ ಎಂದಾಗಿಹೋಯಿತು.

ಹೆಂಡತಿಗೆ ವಿಷಯ ಗೊತ್ತಾದಾಗ ಆಕೆ ಸೊಂಟದ ಮೇಲೆ ಕೈಯಿಟ್ಟರು. “ಒಂದು ಮಗುಗೋಸ್ಕರ ಇಡೀ ಕ್ಲಾಸನ್ನೇ ಪಾತಾಳಕ್ಕೆ ಇಳಿಸ್ತಾ ಇದ್ದೀರಲ್ರೀ! ಹೇಳಿಬಿಡಿ ಅವಳಿಗೆ.”

“ಏನಂತ ಹೇಳ್ಲಿ? ಅಜ್ಜ ಮಾಡಿಟ್ಟಿದ್ದು ಅದರಲ್ಲಿ ಉಳಿದೇ ಇಲ್ಲ ಅಂತಾನಾ? ಆಮೇಲೆ ಅವಳು ಹಾಡೋದು ನಿಲ್ಲಿಸಿಬಿಟ್ರೆ?”

“ನಾನಾಗಿದ್ರೆ ಮೊದಲ ದಿನವೇ ಹೇಳಿರ್ತಿದ್ದೆ. ಈಗ ಹೇಳೋದು ಕಷ್ಟವೇ,” ಎಂದು ಆಕೆ ಒಳಗೆ ಹೋದರು.

ಅಷ್ಟರಲ್ಲಿ ಬಂತು ಮಕ್ಕಳೆಲ್ಲ ಅಪ್ಪ ಅಮ್ಮಂದಿರ ಮುಂದೆ ಹಾಡುವ ವರ್ಷದ ಕೊನೆಯ ಕೂಟ. ಅದೇ ಮಹಡಿಯಲ್ಲಿ ದೊಡ್ಡ ಮಕ್ಕಳಿಗೆ ಹಾಡು ಕಲಿಸುವ ಪಿಯಾನೋ ಮೇಡಂ, “ನಿಮ್ಮ ಚಿಳ್ಳೆಪಿಳ್ಳೆಗಳೂ ಎರಡು ಹಾಡು ನುಡಿಸ್ಲಿ, ನಾನು ಪಿಯಾನೋದಲ್ಲಿ ಜೊತೆ ಕೊಡ್ತೀನಿ,” ಎಂದರು. ಆಗಲಾದರೂ ಬಾಯಿ ಬಿಡಬಾರದಿತ್ತೇ ಈ ಮನುಷ್ಯ? “ಖಂಡಿತ ಮೇಡಂ, ಅದಕ್ಕೇನಂತೆ!” ಎಂದು ತಲೆಯಾಡಿಸಿ ಬಂದರು. ಮನೆಗೆ ಬಂದಮೇಲೆ ಊಟ ಸೇರಲಿಲ್ಲ.

ತಾಲೀಮಿನ ದಿನ ಮಕ್ಕಳು ಪಿಯಾನೋದ ಸುತ್ತ ಕೂತರು. ಮೇಡಂ ಎಣಿಸಿದರು, ಎಲ್ಲರೂ ಒಟ್ಟಿಗೆ ಶುರುಮಾಡಿದರು. ಅಬ್ಬಬ್ಬಾ! ಇಸ್ತ್ರಿ ಅಂಗಡಿಯವರು ಏನಾಯಿತೋ ಎಂದು ಹತ್ತಿ ಬಂದು ಇಣುಕಿದರು. ಮಕ್ಕಳು ಮೀಟುವುದು ನಿಲ್ಲಿಸಿ ಪಿಯಾನೋವನ್ನೇ ದುರುಗುಟ್ಟಿ ನೋಡಿದರು. ಸಾಲಿನಲ್ಲಿ ಎಲ್ಲರಿಗಿಂತ ಚಿಕ್ಕವನು ಕನಿಕರದಿಂದ ಹೇಳಿದ: “ಮೇಡಂ, ನಿಮ್ ಪಿಯಾನೋ ಕೆಟ್ಟೋಗಿದೆ.”

“ಹೌದು ಮೇಡಂ, ಅದರ ಕಿವಿ ಹಿಂಡ್ಬೇಕು!” ಉಳಿದವರೂ ದನಿಗೂಡಿಸಿದರು.

ಮೇಡಂ ಒಂದು ಯುಕುಲೆಲೆ ಎತ್ತಿಕೊಂಡು ಮೀಟಿದರು. ಪಿಯಾನೋದ ಒಂದು ಕೀ ಒತ್ತಿದರು, ಪಕ್ಕದ್ದು ಒತ್ತಿದರು. ಮಕ್ಕಳ ಶ್ರುತಿ ಅವೆರಡರ ನಡುವಿನ ಸಂದಿಯಲ್ಲೆಲ್ಲೋ ಬಿದ್ದಿತ್ತು. ಒಂದು ಸ್ವರ ಇಳಿಸಿ ಜೊತೆ ಕೊಡೋಣವೆಂದರೂ ದಾರಿಯಿಲ್ಲ. “ಏನ್ ಸರ್ ಇದು?” ಅಂದರು, ಕೋಪಕ್ಕಿಂತ ಹೆಚ್ಚು ಆಶ್ಚರ್ಯದಿಂದ.

ಎಲ್ಲರೂ ಮಾಮನ ಮುಖ ನೋಡಿದರು. ಕಡ್ಡಿಯೂ ನೋಡಿದಳು. ಪಿಯಾನೋ ಕೆಟ್ಟಿದೆ ಎಂದುಬಿಟ್ಟರೆ ಆಯಿತು, ಮಕ್ಕಳು ನಂಬುತ್ತಾರೆ. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

“ಪಿಯಾನೋ ಸರಿಯಾಗೇ ಇದೆ ಮಕ್ಕಳೇ,” ಎಂದರು ಮಾಮ. “ನಮ್ಮದೇ ಇಳಿದಿದೆ. ಇಳಿಸಿದ್ದು ನಾನು.”

ಕಡ್ಡಿ ಎದ್ದು ನಿಂತಳು. “ನಮ್ಮದು ಅಜ್ಜನ ಶ್ರುತಿ ಅಲ್ವಾ?”

ಮಾಮ ಅವಳ ಮುಂದೆ ಮಂಡಿಯೂರಿದರು. “ಅಲ್ಲ ಪುಟ್ಟಾ. ಯಾರೂ ಮುಟ್ಟದಿದ್ರೂ ತಂತಿ ಸಡಿಲ ಆಗುತ್ತೆ. ಅಜ್ಜ ಕೂಡಿಸಿದ್ದು ಈಗ ಇದರಲ್ಲಿಲ್ಲ.”

“ಯಾವಾಗಿಂದ?”

“ತುಂಬಾ ದಿನ ಆಯ್ತು.”

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೆದರಿಕೆ ಆಯ್ತು.”

“ಯಾರ ಹೆದರಿಕೆ?”

“ನಿನ್ನದೇ.”

ಕಡ್ಡಿ ವಾದ್ಯವನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ಮೆಟ್ಟಿಲಿಳಿದು ಹೋದಳು. ಅಳಲಿಲ್ಲ. ಅತ್ತಿದ್ದರೆ ಮಾಮ ಹೇಗಾದರೂ ತಡೆದುಕೊಳ್ಳುತ್ತಿದ್ದರು.

ಆ ವಾರ ಕನ್ನಡಕದ ಅಂಗಡಿಯಲ್ಲಿ ಅವರ ಬಾಯಿಂದ ಆಹಾ ಎಂಬ ಮಾತೇ ಬರಲಿಲ್ಲ. ಯಜಮಾನರು ಜ್ವರವೇ ಎಂದು ವಿಚಾರಿಸಿದರು. ಮನೆಯಲ್ಲಿ ಹೆಂಡತಿ ಛೇಡಿಸುವುದನ್ನು ಬಿಟ್ಟಿದ್ದರು. “ನಿಜ ಹೇಳಿದ್ರಲ್ಲ, ಅಷ್ಟು ಸಾಕು. ಅವಳು ಬಂದ್ರೆ ಬರ್ಲಿ,” ಎಂದು ಬೆನ್ನು ಸವರಿದರು. ಮಾಮನಿಗೆ ಅಷ್ಟು ಸಾಕಾಗಲಿಲ್ಲ. ಅಳದ ಮಗುವನ್ನು ಹಾಡಿಸುತ್ತೇನೆ ಎಂದವರು ಹಾಡುತ್ತಿದ್ದ ಬಾಯನ್ನೂ ಮುಚ್ಚಿಸಿದ್ದರು. ಕಡ್ಡಿಯ ಅಮ್ಮನಿಗೆ ಫೋನ್ ಮಾಡಲು ಎಷ್ಟೋ ಸಲ ಕೈಗೆತ್ತಿಕೊಂಡು ಹಾಗೆಯೇ ಇಟ್ಟರು.

ಶನಿವಾರ ಆ ಶ್ರುತಿ ನೋಡುವ ಯಂತ್ರವನ್ನು ಜೇಬಿಂದ ಹೊರತೆಗೆದು ಏಳು ವಾದ್ಯಗಳನ್ನೂ ಇರಬೇಕಾದ ಶ್ರುತಿಗೆ ಏರಿಸಿದರು. ಮಕ್ಕಳು ಮುಖ ಕಿವುಚಿದರು. “ಮಾಮ, ಇದು ಕಿರುಚ್ತಾ ಇದೆ!” “ನಂಗೆ ಹಳೇದೇ ಬೇಕು!” ಮಾಮ ಪಾಠ ಶುರುಮಾಡುವ ಬದಲು ಬಾಗಿಲು ನೋಡುತ್ತಾ ಕೂತರು. ಗೋಡೆಯ ಪಕ್ಕದ ಜಾಗವನ್ನು ಮಕ್ಕಳು ತಾವಾಗಿಯೇ ಖಾಲಿ ಬಿಟ್ಟಿದ್ದರು.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿತು. ಅಮ್ಮ ಬಾಗಿಲಲ್ಲೇ ನಿಂತರು. ಕಡ್ಡಿ ಒಳಗೆ ಬಂದು, ತನ್ನ ಜಾಗದಲ್ಲಿ ಕೂತು, ಚೀಲ ಬಿಚ್ಚಿದಳು. ಮಾಮನ ಮುಖ ನೋಡಲಿಲ್ಲ.

“ಅಜ್ಜ ದಿನಾ ಊಟ ಆದ್ಮೇಲೆ ಇದರ ಕಿವಿ ಹಿಂಡ್ತಿದ್ರು,” ಎಂದಳು. “ದಿನಾ. ನಾನು ಮರ್ತೇಬಿಟ್ಟಿದ್ದೆ.”

“ಹೌದಾ?”

“ಹ್ಞೂಂ. ನೀವು ಮುಟ್ಬೇಡಿ. ನಾನೇ ಮಾಡ್ತೀನಿ. ಹೇಗೆ ಅಂತ ಹೇಳಿ.”

ಮಾಮ ಹೇಳಿಕೊಟ್ಟರು. ಒಂದು ಕೈಯಲ್ಲಿ ಮೀಟಬೇಕು, ಇನ್ನೊಂದರಲ್ಲಿ ನಿಧಾನವಾಗಿ ತಿರುಗಿಸಬೇಕು, ಸ್ವರ ಹತ್ತುವುದನ್ನು ಕೇಳಬೇಕು. ಪಕ್ಕದ ಹುಡುಗಿ ಯಾರೂ ಹೇಳದೆಯೇ ತನ್ನ ತಂತಿ ಮೀಟಿ, “ಇಲ್ಲಿಗೆ ಬರ್ಬೇಕು ಕಣೇ,” ಅಂದಳು. ಕಡ್ಡಿಯ ಬೆರಳಿಗೆ ಹಳೆಯ ಬಿರಡೆ ಗಟ್ಟಿ. ಹಲ್ಲು ಕಚ್ಚಿ ತಿರುಗಿಸಿದಳು. ಸ್ವರ ಸ್ವಲ್ಪ ಏರಿತು, ಜೊತೆಗೇ ಅವಳ ಕೆಳತುಟಿ ನಡುಗತೊಡಗಿತು. ಮೂಗು ಸೊರಸೊರ ಎಂದಿತು. ಆಮೇಲೆ ಬಂತು ನೋಡಿ ಅಳು, ಇಷ್ಟು ದಿನ ಎಲ್ಲಿತ್ತೋ ಏನೋ, ಆ ಸಣ್ಣ ಮೈಯೆಲ್ಲ ಅಲ್ಲಾಡುವಂಥ ಅಳು. ಅಮ್ಮ ಎರಡು ಹೆಜ್ಜೆ ಮುಂದೆ ಬಂದು ನಿಂತರು. ಮಕ್ಕಳು ತಾವಾಗಿಯೇ ವಾದ್ಯಗಳನ್ನು ಮಡಿಲಲ್ಲಿ ಮಲಗಿಸಿದರು, ಪಕ್ಕದ ಆ ಹುಡುಗಿ ಮಾತ್ರ ಆಗಾಗ ತನ್ನ ತಂತಿಯನ್ನು ಮೀಟುತ್ತಲೇ ಇದ್ದಳು. ಕಡ್ಡಿ ಅಳುತ್ತಲೇ ತಿರುಗಿಸಿದಳು, ಬಿರಡೆಯಿಂದ ಕೈ ತೆಗೆಯಲಿಲ್ಲ.

ಕೊನೆಗೆ ತೋಳಿನಿಂದ ಮೂಗು ಒರೆಸಿಕೊಂಡು ಮಾಮನನ್ನು ನೋಡಿದಳು. “ಸರಿ ಆಯ್ತಾ?”

ಕೆಂಪಾದ ಕಣ್ಣು, ಒದ್ದೆಯಾದ ಗಲ್ಲ. ಆಯ್ತು ಪುಟ್ಟಾ, ಸಾಕು ಎಂದು ಎತ್ತಿಕೊಂಡುಬಿಡಬೇಕು ಎಂದು ಮಾಮನ ಜೀವ ಬಡಿದುಕೊಂಡಿತು.

“ಇಲ್ಲ,” ಎಂದರು. “ಇನ್ನೂ ಸ್ವಲ್ಪ.”

ಕಡ್ಡಿ ತಲೆಯಾಡಿಸಿ, ಮತ್ತೆ ಬಿರಡೆ ಹಿಡಿದಳು.