ಅಕ್ಕನ ಮನೆಯ ವ್ಯಾನು

ನನ್ನ ಅಕ್ಕನ ಊರು ತಮಿಳುನಾಡಿನ ಕೊಳತ್ತೂರಿನಿಂದ ಒಳಕ್ಕೆ, ಕಾಡಿನ ಅಂಚಿನಲ್ಲಿದೆ. ನಾನು ಮದುವೆಯಾಗಿ ಕೊಳ್ಳೇಗಾಲದ ಕಡೆ ಬಂದವಳು; ಮನೆಮಾತು ಕನ್ನಡವೇ ಆದರೂ ಅಕ್ಷರ ಕಲಿತದ್ದು ಇಲ್ಲಿಗೆ ಬಂದ ಮೇಲೆ, ಮಕ್ಕಳ ಜೊತೆ ಕೂತು. ಅಕ್ಕ ಹುಟ್ಟಿದ ಸೀಮೆಯಲ್ಲೇ ಉಳಿದಳು. ಅವಳಿಗಿರುವುದು ಒಂದಿಷ್ಟು ಕುರಿ, ಮಳೆ ಬಂದರೆ ರಾಗಿ ಕೊಡುವ ತುಂಡು ಹೊಲ, ಮತ್ತೆ ಅತ್ತೆ. ಮಕ್ಕಳಾಗಲಿಲ್ಲ.

ಬಾವನನ್ನು ಕೆಟ್ಟವನೆಂದು ಹೇಳಲು ನನಗೆ ಈಗಲೂ ನಾಲಗೆ ಹೊರಳುವುದಿಲ್ಲ. ಬಂದವರನ್ನೆಲ್ಲ ನಗಿಸುವ ಮನುಷ್ಯ. ಮೇಟೂರು ಅಣೆಕಟ್ಟಿನ ಮೀನನ್ನು ಸಂತೆಗಳಿಗೆ ಸಾಗಿಸಲೆಂದು ಹಳೆಯ ಸಣ್ಣ ವ್ಯಾನು ಕೊಂಡಿದ್ದ. ನಂಗವಳ್ಳಿ, ತಾರಮಂಗಲಂ ಎಂದು ತಿರುಗುತ್ತಿದ್ದ. ಒಂದು ಬೆಳಿಗ್ಗೆ ಮೀನು ತುಂಬಿಕೊಂಡು ಹೋದವನು ಮನೆಗೆ ಬರಲಿಲ್ಲ. ಅಪಘಾತವಾಯಿತೇನೋ ಎಂದು ಆಸ್ಪತ್ರೆಗಳಲ್ಲೆಲ್ಲ ಹುಡುಕಿಸಿದೆವು. ಎಷ್ಟೋ ತಿಂಗಳ ಮೇಲೆ ಅವನನ್ನು ತಿರುಪ್ಪೂರಿನಲ್ಲಿ ಕಂಡವರು ಸಿಕ್ಕರು. ಜೊತೆಗೆ ಒಬ್ಬ ಹೆಂಗಸು, ಕಂಕುಳಲ್ಲಿ ಮಗು ಇತ್ತಂತೆ. ಅಕ್ಕ ಅದನ್ನು ಕೇಳಿ ಕುರಿ ಹೊಡೆದುಕೊಂಡು ಕಾಡಿನ ಕಡೆ ಹೋದಳು. ಅತ್ತೆ ಮಾತ್ರ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಯಾರು ವಿಚಾರಿಸಿದರೂ "ವೇಲೆಗೆ ಓಗವ್ನೆ, ಬತ್ತಾನೆ" ಎನ್ನುತ್ತಿದ್ದರು, ಕೆಲಸಕ್ಕೆ ಹೋಗಿದ್ದಾನೆ ಎಂದು.

ತಮಿಳುನಾಡಿನಲ್ಲಿ ಹೆಂಗಸರ ಖಾತೆಗೆ ತಿಂಗಳು ತಿಂಗಳು ದುಡ್ಡು ಹಾಕಲು ಶುರುವಾದಾಗ ಅಕ್ಕನೂ ಅರ್ಜಿ ಕೊಟ್ಟಳು. ಅಲ್ಲಿ ಅದಕ್ಕೆ ಉರಿಮೈ ತೊಗೈ ಎನ್ನುತ್ತಾರೆ, ಹಕ್ಕಿನ ಹಣ ಎಂದು. ಬೀದಿಯಲ್ಲಿ ಮುಕ್ಕಾಲು ಪಾಲು ಹೆಂಗಸರಿಗೆ ಬಂತು, ಅವಳಿಗೆ ಬರಲಿಲ್ಲ. ಮನೆಯಲ್ಲಿ ನಾಲ್ಕು ಚಕ್ರದ ಗಾಡಿ ಇದ್ದರೆ ಇಲ್ಲವಂತೆ. ಬಾವ ಓಡಿಸಿಕೊಂಡು ಹೋದ ವ್ಯಾನು ಕಂಪ್ಯೂಟರಿನ ಲೆಕ್ಕದಲ್ಲಿ ಇನ್ನೂ ಅಕ್ಕನ ಮನೆ ಮುಂದೆಯೇ ನಿಂತಿತ್ತು. ನನಗೆ ಇಲ್ಲಿ ಕರ್ನಾಟಕದ ದುಡ್ಡು ಯಾರೂ ಏನೂ ಕೇಳದೆ ಬರುತ್ತದೆ. ಅದರಲ್ಲಿ ಸ್ವಲ್ಪ ಕಳಿಸುತ್ತೇನೆಂದರೆ ಅಕ್ಕ ಫೋನ್ ಇಟ್ಟುಬಿಡುತ್ತಾಳೆ.

ಆಮೇಲೆ ರೂಲ್ಸು ಸಡಿಲವಾಗಿದೆ, ಹೊರಗುಳಿದವರು ಮತ್ತೆ ಕೇಳಬಹುದು ಎಂದು ಸುದ್ದಿ ಬಂತು. ನಾನು ಆಗ ಅಕ್ಕನ ಮನೆಗೆ ಹೋಗಿದ್ದೆ. ಊರಿನ ಶಾಲೆಯಲ್ಲೇ ಮುಗಾಮು, ಅಂದರೆ ಅಧಿಕಾರಿಗಳೇ ಬಂದು ಕೂತು ಅರ್ಜಿ ತೆಗೆದುಕೊಳ್ಳುವ ಶಿಬಿರ. ಇಬ್ಬರೂ ಹೋದೆವು. ಕಂಪ್ಯೂಟರ್ ಮುಂದಿದ್ದ ಹುಡುಗಿ, "ಅಕ್ಕಾ, ಉಂಗ ವೀಟ್ಲ ವಂಡಿ ಇರುಕ್ಕೇ" ಎಂದಳು. ನಿಮ್ಮ ಮನೆಯಲ್ಲಿ ಗಾಡಿ ಇದೆಯಲ್ಲ ಎಂದು.

"ಎಲ್ಲೈತೆ ತೋರ್ಸು ಮಗ, ನಾನೂ ಏರ್ಕೊಂಡು ಒಂದ್ ರೌಂಡ್ ಓಗ್ಬತ್ತೀನಿ" ಎಂದಳು ಅಕ್ಕ.

ಸಾಲಿನಲ್ಲಿದ್ದವರು ನಕ್ಕರು. ಹುಡುಗಿಯೂ ನಕ್ಕಳು. ಆಮೇಲೆ ದನಿ ತಗ್ಗಿಸಿ ವಿವರಿಸಿದಳು: ಸಡಿಲವಾಗಿರುವುದು ಸರ್ಕಾರದ ಸಬ್ಸಿಡಿಯಲ್ಲಿ ಕೊಂಡ ಗಾಡಿಗಳಿಗೆ ಮಾತ್ರ. ಗಂಡ ಬಿಟ್ಟುಹೋಗಿದ್ದಾನೆಂದು ಖಾತ್ರಿಯಾದರೆ ಬೇರೆ ದಾರಿ ಇದೆ. ವಿಚಾರಣೆಗೆ ವಿಎಓ ಮನೆಗೆ ಬರುತ್ತಾರೆ, ಮನೆಯವರು ಹೌದೆನ್ನಬೇಕು.

ಊರಿನ ಕಂದಾಯ ನೋಡುವ ವಿಎಓ ಮಾರನೆಯ ವಾರ ಬಂದರು. ಒಳ್ಳೆಯ ಮನುಷ್ಯ, ಕನ್ನಡ ಅರ್ಥವಾಗುತ್ತಿತ್ತು. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದರು. ಅಕ್ಕನ ಕತ್ತು ನೋಡಿ, "ತಾಲಿ ಇರುಕ್ಕೇಮ್ಮಾ?" ಎಂದರು.

"ತೆಗ್ದಾಕಕ್ಕೆ ಅವ್ನು ಸತ್ತಿಲ್ವಲ್ಲ ಸಾರ್."

ಅವರು ಅತ್ತೆಯ ಕಡೆ ತಿರುಗಿ ಮಗ ಎಲ್ಲಿ ಎಂದು ತಮಿಳಿನಲ್ಲಿ ಕೇಳಿದರು. ಅತ್ತೆ ಕಂಬ ಹಿಡಿದು ನಿಂತಿದ್ದರು.

"ವೇಲೆಗೆ ಓಗವ್ನೆ. ಬತ್ತಾನೆ."

"ಅತ್ತೆಮ್ಮಾ, ನಿಜ ಏಳಿ" ಎಂದೆ. ಅವರು ನನ್ನ ಮುಖ ನೋಡಲಿಲ್ಲ. ವಿಎಓ ಅಕ್ಕನನ್ನು, ನೀನು ಏನು ಹೇಳುತ್ತೀಯಮ್ಮ ಎಂದು ಕೇಳಿದರು. ಈಗ ಹೇಳುತ್ತಾಳೆ ಎಂದುಕೊಂಡೆ. ಅಕ್ಕ ಒಂದು ಸಲ ಅತ್ತೆಯನ್ನು ನೋಡಿ, "ಅತ್ತೆ ಏಳ್ದಂಗೇ ಬರ್ಕೊಳ್ಳಿ ಸಾರ್" ಎಂದಳು.

ಕುರಿದೊಡ್ಡಿಯ ಹತ್ತಿರ ನಾನು ಅವಳ ಮೇಲೆ ರೇಗಾಡಿದೆ. ಅವಳು ಮರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಾ, "ಎತ್ತ ತಾಯಿ ಬಾಯಿಂದ ಆ ಮಾತ್ ಬರ್ಸಿ, ಅದ್ರಲ್ಲಿ ಬಂದ ದುಡ್ಡಲ್ಲಿ ಏನ್ ತಿನ್ಲಿ ಲೇ?" ಎಂದಳು.

ಅತ್ತೆಗೆ ಅದು ಕೇಳಿಸಿತೋ ಏನೋ. ಮಾರನೆಯ ಬೆಳಿಗ್ಗೆ ಒಗೆದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ನಡೀರಿ, ಆಪೀಸ್ಗೆ ಓಗನ" ಎಂದರು. ಹೆಂಗಸರಿಗೆ ಟಿಕೆಟ್ಟಿಲ್ಲದ ಬಸ್ಸಿನಲ್ಲಿ ಮೂವರೂ ಹೋದೆವು.

ವಿಎಓ ಮೀಟಿಂಗಿಗೆ ಹೋಗಿದ್ದರು. ಅವರ ಸಹಾಯಕನೊಬ್ಬ ಇದ್ದ. ವರದಿ ನಿನ್ನೆ ಸಂಜೆಯೇ ಮೇಲೆ ಹೋಗಿದೆ, ಇಲ್ಲಿ ಇನ್ನು ತಿದ್ದಲಾಗುವುದಿಲ್ಲ ಎಂದ. ಅತ್ತೆಗೆ ಅದು ತಲೆಗೆ ಹೋಗಲಿಲ್ಲ, ಅಥವಾ ಹೇಳಲು ಬಂದ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಮೇಜು ಹಿಡಿದುಕೊಂಡು ಜೋರಾಗಿ ಹೇಳಿಬಿಟ್ಟರು.

"ನನ್ ಮಗ ಇವಳ್ನ ಬುಟ್ಟೋಗವ್ನೆ. ಬ್ಯಾರೆ ಸಂಸಾರ ಕಟ್ಕೊಂಡವ್ನೆ. ಇನ್ ಬರಾಕಿಲ್ಲ ಅವ್ನು. ಬರ್ಕೋ ಸಾಮಿ."

ಸಹಾಯಕನಿಗೆ ಕನ್ನಡ ಬಾರದು. "ಎನ್ನ ಸೊಲ್ರಾಂಗ?" ಎಂದು ನನ್ನನ್ನು ಕೇಳಿದ, ಏನು ಹೇಳುತ್ತಿದ್ದಾರೆ ಎಂದು. ಅದನ್ನು ನಾನು ತಮಿಳಿನಲ್ಲಿ ಇನ್ನೊಂದು ಸಲ ಹೇಳಬೇಕಾಯಿತು, ಅತ್ತೆಯ ಎದುರಿಗೇ. ಅತ್ತೆಗೆ ತಮಿಳು ಚೆನ್ನಾಗಿ ಬರುತ್ತದೆ. ಅಕ್ಕ ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತುಬಿಟ್ಟಳು. ಆ ಹುಡುಗ ಎದ್ದು ತನ್ನ ಕುರ್ಚಿಯನ್ನೇ ಅತ್ತೆಗೆ ಕೊಟ್ಟ, ನೀರು ತಂದುಕೊಟ್ಟ. ಕಂಪ್ಯೂಟರ್ ಸೆಂಟರಿನಲ್ಲಿ ಮೇಲ್ಮನವಿ ಹಾಕಿ, ನನ್ನ ಕೈಯಲ್ಲಿ ಏನೂ ಇಲ್ಲ ಅಜ್ಜಿ ಎಂದ. ನಿಜವಾಗಿಯೂ ಇರಲಿಲ್ಲವೆಂದು ಅವನ ಮುಖದಲ್ಲೇ ಕಾಣುತ್ತಿತ್ತು.

ಮೇಲ್ಮನವಿ ಹಾಕಿಸಿ ನಾನು ಕೊಳ್ಳೇಗಾಲಕ್ಕೆ ಬಂದೆ. ಅದನ್ನೂ ತಳ್ಳಿಹಾಕಿದರು. ವಿಚಾರಣೆಯ ವರದಿಯಂತೆ ಗಂಡ ಹೊರಊರಿನಲ್ಲಿ ದುಡಿಯುತ್ತಿದ್ದಾನೆ ಎಂದು ಮೆಸೇಜು ಬಂತು.

ಮೊನ್ನೆ ಮತ್ತೊಂದು ಮುಗಾಮು ಇದೆಯೆಂದು ಅಲ್ಲಿಯ ನೆಂಟರೊಬ್ಬರು ತಿಳಿಸಿದರು. ತಕ್ಷಣ ಅಕ್ಕನಿಗೆ ಫೋನ್ ಮಾಡಿದೆ. ಈ ಸಲ ಅತ್ತೆ ವಿಎಓ ಎದುರಿಗೇ ಹೇಳಿದರೆ ಆಗಬಹುದು ಎಂದೆ.

"ಅತ್ತೆನ ಕೇಳ್ದೆ ಕಣೇ" ಎಂದಳು ಅಕ್ಕ. "ಒಂದ್ ಸಲ ಏಳ್ಬುಟ್ಟೆ, ಇನ್ನೊಂದ್ ಸಲ ಬಾಯ್ ಬರಾಕಿಲ್ಲ ಅಂತು."

"ನೀನ್ ಇನ್ನೊಂದ್ ಸಲ ಕೇಳ್ ನೋಡಕ್ಕಾ."

"ನಾನ್ ಕೇಳಾಕಿಲ್ಲ ಬುಡು."

ಕುರಿಗಳು ಯಾರದೋ ಹೊಲಕ್ಕೆ ನುಗ್ಗುತ್ತಿವೆ ಎಂದು ಅವಳು ಫೋನ್ ಇಟ್ಟು ಓಡಿದಳು.