ದೃಷ್ಟಿಬೊಟ್ಟಿನ ಹೂ

ಬಸ್ಸು ಕೆಟ್ಟು ನಿಂತಿದ್ದರಿಂದ ಜೇವರ್ಗಿಯ ಮುಸಾಫಿರ ಬಂಗಲೆಯ ಕಟ್ಟೆಯ ಮೇಲೆ ಮಗಳನ್ನು ಎತ್ತಿಕೊಂಡು ಕೂತೆ. ಮೆಟ್ಟಿಲ ಪಕ್ಕದ ಕುಂಡಗಳಲ್ಲಿ ಪ್ಯಾನ್ಸಿ ಅರಳಿದ್ದವು! ಈ ಬಿಸಿಲ ಸೀಮೆಯಲ್ಲಿ ಆ ಹೂವನ್ನು ಕಾಣುತ್ತೇನೆಂದು ಎಣಿಸಿರಲಿಲ್ಲ. ಹಳದಿ ಎಸಳುಗಳ ನಡುವೆ ಕಪ್ಪು ಮಚ್ಚೆ. ಥೇಟ್ ಕೂಸಿನ ಮುಖ. ಮಾಲಿಯ ಹೆಂಡತಿ ಶಾಂತವ್ವ ಬಿಸಿಲೇರುವ ಮುಂಚೆ ಕುಂಡಗಳನ್ನು ನೆರಳಿಗೆ ಎತ್ತಿಡುತ್ತಿದ್ದಳು. ಜಿಲ್ಲೆಯ ದೊಡ್ಡ ಅಧಿಕಾರಿ ತಾಲೂಕದಾರ ಸಾಹೇಬರು ತರಿಸಿದ ಬೀಜವಂತೆ. ದೀಪಾವಳಿ ಕಳೆದ ಮೇಲೆ ಬಿತ್ತಿದರೆ ಶಿವರಾತ್ರಿಯ ತನಕ ಬದುಕುತ್ತವಂತೆ, ಅಷ್ಟೇ.

ಮಗಳ ಕೈಗೆ ಕೊಡಲು ಒಂದು ಹೂ ಕೀಳಹೋದೆ.

“ಬ್ಯಾಡ್ರಿ ಅವ್ವಾರ,” ಶಾಂತವ್ವ ನನ್ನ ಕೈ ಹಿಡಿದಳು. “ನಾ ಬಾಡಿದ್ದಷ್ಟೇ ತಗೀತೇನಿ. ಇವಕ್ಕ ದೇವರೇ ದೃಷ್ಟಿಬೊಟ್ಟು ಇಟ್ಟು ಕಳಿಸ್ಯಾನ್ರಿ.”

ಕುಂಡದ ಕಡೆಗೇ ನೋಡುತ್ತ ಹೇಳಿದಳು: “ಸಂತಿಗೆ ಹೋದ ದಿನ ನನ್ನ ಕೂಸಿಗೆ ಇಡೂದು ಮರತೆ. ಕೂಸು ಭಾಳ ಚಂದ ಅದ ಅಂದ್ರು ಮಂದಿ. ಸಂಜೀಗೆ ಜ್ವರ ಬಂತು. ಉಳೀಲಿಲ್ರಿ.”

ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಶಾಂತವ್ವ ಒಳಗೆ ಓಡಿಹೋಗಿ, ರೊಟ್ಟಿ ಹಂಚಿನ ತಳದ ಮಸಿಯನ್ನು ಬೆರಳಿಗೆ ಒತ್ತಿಕೊಂಡು ಬಂದು ನನ್ನೆದುರು ನಿಂತಳು.

ದೃಷ್ಟಿಗಿಷ್ಟಿಯನ್ನೆಲ್ಲ ನಾನು ನಂಬುವವಳಲ್ಲ. ಆದರೂ ಮಗಳ ಕೆನ್ನೆಯನ್ನು ಅವಳ ಕಡೆಗೆ ಹಿಡಿದೆ.